ಬೆಂಜೀನ್ ಹೆಸರಿನ ಬೇರು ಹುಡುಕಿಕೊಂಡು ಬಂದರಿನ ಗ್ರಂಧಿಗೆ ಅಂಗಡಿಗೆ

ಮೊದಲೇ ಹೇಳಿಬಿಡ್ತೇನೆ, ಲೋಬಾನ, ಪಚ್ಚ ಕರ್ಪೂರ, ಕಾಚು, ನವಸಾಗರ ಇಂಥದ್ದೆಲ್ಲ ಅಸಲಿ ಬೇಕಿದ್ರೆ ಮಂಗಳೂರಲ್ಲಿ ಬಂದರಿನ ಈ ಅಂಗಡಿಗೆ ಹೋಗಿ. ಬೋರ್ಡಿನ ಅಕ್ಷರ ಮಾಸಿ ಹೋಗಿದೆ, ಮಾಲಕರಿಗೆ ಪ್ರಚಾರ ಬೇಡವಂತೆ, ಹಾಗಾಗಿ ಹೆಸರು ಹಾಕುದಿಲ್ಲ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಇಳಿದು ಬಂದರಿನ ಸಗಟು ಅಂಗಡಿಗಳ ಕಡೆ ನಡೀತಾ ಹೋದ್ರೆ ಮೆಣಸು, ಒಣ ಮೀನು, ಗೋಣಿ ಚೀಲ ಎಲ್ಲದರ ವಾಸನೆ ದಾಟಿದ ಮೇಲೆ ಒಂದು ಕಡೆ ಕರ್ಪೂರ, ಬಜೆ, ಜೇಷ್ಠಮಧು ಎಲ್ಲ ಕೂಡಿದ ಒಂದು ತಣ್ಣನೆ ಪರಿಮಳ ಬರ್ತದೆ, ಅಲ್ಲಿಯೇ. ಐದರಲ್ಲಿ ನಾಲ್ಕೂವರೆ ಸ್ಟಾರ್ ಕೊಡ್ತೇನೆ, ಅರ್ಧ ಯಾಕೆ ಕಡಿಮೆ ಅಂತ ಆಮೇಲೆ ಹೇಳ್ತೇನೆ.

ನಾನು ಹೋದದ್ದು ತಂಗಿ ಮಗಳ ಬಾಣಂತನಕ್ಕೆ ಲೋಬಾನ ತರ್ಲಿಕ್ಕೆ. ಅದಕ್ಕಿಂತ ಮೊದಲು ಆನ್‌ಲೈನಲ್ಲಿ ಒಂದು ಪ್ಯಾಕೆಟ್ ತರಿಸಿದ್ದೆ, ಚಂದದ ಡಬ್ಬಿ, ಮೇಲೆ ಶುದ್ಧ ಲೋಬಾನ ಅಂತ ದೊಡ್ಡದಾಗಿ ಬರೆದಿತ್ತು, ಕೆಂಡಕ್ಕೆ ಹಾಕಿದ್ರೆ ಮರದ ಹುಡಿ ಸುಟ್ಟ ಹೊಗೆ, ಅದರ ಮೇಲೆ ಯಾವುದೋ ಅಗ್ಗದ ಸೆಂಟಿನ ವಾಸನೆ, ತಂಗಿಯ ಅತ್ತೆ ಮೂಗು ಮುಚ್ಚಿಕೊಂಡು "ಇದೆಂತದ್ದು ತಂದದ್ದು ಮಾರಾಯ್ತಿ" ಅಂತ ಕೇಳಿದ್ರು. ನನಗೆ ಬೇಜಾರಾಯ್ತು. ಇಪ್ಪತ್ತೆರಡು ವರ್ಷ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡಿದವಳು ನಾನು, ಲೋಬಾನ ಅಂದ್ರೆ ಎಂತ, ಅದರೊಳಗೆ ಎಂತ ಉಂಟು ಅಂತ ಗೊತ್ತಿದ್ದವಳು. ಹಾಗಾಗಿ ಮರುದಿನವೇ ಬಂದರಿಗೆ ಹೊರಟೆ.

ಅಂಗಡಿ ಒಳಗೆ ಕತ್ತಲೆ. ಗೋಡೆ ತುಂಬ ಮರದ ಡ್ರಾವರ್‌ಗಳು, ಕೆಳಗೆ ತಗಡಿನ ಡಬ್ಬಿಗಳು, ಯಾವುದರ ಮೇಲೂ ಚೀಟಿ ಇಲ್ಲ, ಆದ್ರೆ ಯಾವುದರಲ್ಲಿ ಎಂತ ಉಂಟು ಅಂತ ಮಾಮ್‌ಗೆ ಕಣ್ಣು ಮುಚ್ಚಿದ್ರೂ ಗೊತ್ತು. ಮಾಮ್ ಅಂದ್ರೆ ಅಂಗಡಿಯ ಮಾಲಕರು, ಕೊಂಕಣಿಯವರು, ಎಪ್ಪತ್ತು ದಾಟಿದೆ, ಮಗನ ಹತ್ರ ಕೊಂಕಣಿ, ಗಿರಾಕಿ ಹತ್ರ ತುಳು, ಮಾತು ಸ್ವಲ್ಪ ಉದ್ದ ಆದ್ರೆ ಕನ್ನಡ. "ದಾದ ಬೋಡು ಅಕ್ಕಾ?" ಅಂತ, ಅಂದ್ರೆ ಎಂತ ಬೇಕು ಅಂತ, ತುಳುವಲ್ಲಿ ಕೇಳಿದ್ರು. ಲೋಬಾನಕ್ಕೆ ನಮ್ಮಲ್ಲಿ ಹೇಳುವ ಹಾಗೆ ನಾನು ಸಾಂಬ್ರಾಣಿ ಅಂದೆ. "ಸಾಂಬ್ರಾಣಿ ಅಂದ್ರೆ ಯಾವುದು? ತರಕಾರಿ ಅಂಗಡಿಯಲ್ಲಿ ಕೇಳಿದ್ರೆ ನಿಮಗೆ ಗೆಡ್ಡೆ ಕೊಡ್ತಾರೆ, ಇಲ್ಲಿ ಬಂದು ಕೇಳಿದ್ರೆ ನಾನು ಮೂರು ಡಬ್ಬಿ ತೆಗೀಬೇಕು" ಅಂದ್ರು, ಮತ್ತೆ ನಿಜವಾಗಿ ಮೂರು ಡಬ್ಬಿ ತೆಗೆದ್ರು. ಒಂದರಲ್ಲಿ ಧೂಪ, ನಮ್ಮ ಊರಿನ ಧೂಪದ ಮರದ ಮೇಣ, ಹಳದಿ ಗಾಜಿನ ಚೂರಿನ ಹಾಗೆ. ಇನ್ನೊಂದರಲ್ಲಿ ಗುಗ್ಗುಳ. ಮೂರನೆಯದ್ದು ಲೋಬಾನ, ಕಂದು ಗಟ್ಟಿಯ ನಡುವೆ ಬಿಳಿ ಬಿಳಿ ತುಂಡು, ಬಾದಾಮಿ ಹಾಕಿದ ಹಲ್ವ ಕತ್ತರಿಸಿದ ಹಾಗೆ ಕಾಣ್ತದೆ. ಆ ಬಿಳಿ ತುಂಡು ಜಾಸ್ತಿ ಇದ್ದಷ್ಟು ಒಳ್ಳೇದು ಅಂತ ತೋರಿಸಿ, ಒಂದು ಚೂರು ಕೈಗೆ ಕೊಟ್ಟು ತಿಕ್ಕಿ ನೋಡಿ ಅಂದ್ರು. ವೆನಿಲ್ಲಾ ಪರಿಮಳ. ಸೆಂಟಲ್ಲ, ಒಳಗಿಂದ ಬರುವ ಪರಿಮಳ.

ಆಮೇಲೆ ಮಾಮ್ ಹೇಳಿದ ಒಂದು ಮಾತಿಗಾಗಿಯೇ ಇಷ್ಟು ಉದ್ದ ಬರೀತಾ ಇದ್ದೇನೆ. "ನಮ್ಮ ಅಪ್ಪ ಹಳೇ ಲೆಕ್ಕದ ಪುಸ್ತಕದಲ್ಲಿ ಇದನ್ನು ಜಾವಿ ಅಂತ ಬರೀತಿದ್ರು, ಲೋಬಾನ್ ಜಾವಿ." ನಾನು ಅಲ್ಲಿಯೇ ಸ್ಟೂಲಲ್ಲಿ ಕೂತುಬಿಟ್ಟೆ. ಯಾಕಂದ್ರೆ ಆ ಎರಡು ಶಬ್ದದಿಂದಲೇ ಬೆಂಜೀನ್ ಅನ್ನುವ ಹೆಸರು ಬಂದದ್ದು. ನಾನು ಬೋರ್ಡಿನ ಮೇಲೆ ಸಾವಿರ ಸಲ ಬರೆದ ಆ ಷಟ್ಕೋನ, ಆರು ಕಾರ್ಬನ್ ಆರು ಹೈಡ್ರೋಜನ್, ಅದರ ಹೆಸರಿನ ಬೇರು ಬಂದರಿನ ಒಂದು ತಗಡು ಡಬ್ಬಿಯಲ್ಲಿ, ಒಬ್ಬ ವ್ಯಾಪಾರಿಯ ಬಾಯಲ್ಲಿ ಇನ್ನೂ ಜೀವಂತ ಉಂಟು.

ಕಥೆ ಹೀಗೆ. ಅರಬ್ಬಿಯಲ್ಲಿ ಲುಬಾನ್ ಅಂದ್ರೆ ಧೂಪದ ಮೇಣ, ಮೂಲತಃ ಅವರ ಕಡೆಯೇ ಸಿಗುವ ಇನ್ನೊಂದು ಮರದ್ದು. ಸುಮಾತ್ರಾದ ಕಾಡಲ್ಲಿ ಸ್ಟೈರಾಕ್ಸ್ ಅನ್ನುವ ಮರದ ತೊಗಟೆ ಕೆತ್ತಿದ್ರೆ ಬರುವ ಮೇಣವನ್ನು ಹಡಗಲ್ಲಿ ತರ್ಲಿಕ್ಕೆ ಶುರು ಮಾಡಿದಾಗ ಅದಕ್ಕೆ ಲುಬಾನ್ ಜಾವಿ ಅಂದ್ರು, ಜಾವಾದ ಲುಬಾನ್ ಅಂತ. ಆಗಿನ ಅರಬ್ಬರಿಗೆ ಸುಮಾತ್ರವೂ ಜಾವಾವೇ. 14ನೇ ಶತಮಾನದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಸುಮಾತ್ರಾಕ್ಕೆ ಹೋದಾಗ ಲುಬಾನ್ ಜಾವಿಗೆ ಹೆಸರು ಬಂದದ್ದು ಈ ದ್ವೀಪದಿಂದ ಅಂತ ಬರೆದಿದ್ದಾನೆ, ಅದೇ ಇಬ್ನ್ ಬತೂತ ನಮ್ಮ ಮಂಗಳೂರಿಗೂ ಬಂದಿದ್ದ, ಮಂಜರೂರ್ ಅಂತ ಬರೆದ, ಇಲ್ಲಿ ಫಾರಸಿನ ಮತ್ತೆ ಯೆಮೆನಿನ ವ್ಯಾಪಾರಿಗಳು ಇಳೀತಾರೆ, ಕಾಳುಮೆಣಸು ಶುಂಠಿ ಬೇಕಾದಷ್ಟು ಅಂತ ಬರೆದ. ಅಂದ್ರೆ ಈ ಶಬ್ದ ಓಡಾಡಿದ ದಾರಿಯಲ್ಲಿ ನಮ್ಮ ಬಂದರೂ ಉಂಟು.

ಆ ಹೆಸರು ಯುರೋಪಿನ ಕಡೆ ಹೋದಾಗ ಅಲ್ಲಿಯವರ ಕಿವಿಗೆ ಮೊದಲಿನ "ಲು" ಅನ್ನುದು ಅವರ ಭಾಷೆಯಲ್ಲಿ ನಾಮಪದದ ಮುಂದೆ ಹಾಕುವ "ಲೋ" ಅನ್ನುವ ತುಂಡಿನ ಹಾಗೆ ಕೇಳಿತು, ಅದನ್ನು ಉದುರಿಸಿಬಿಟ್ರು. ಉಳಿದದ್ದು ಬಾನ್ ಜಾವಿ. ಅದು ಬೆಂಜುಯಿ ಆಯ್ತು, ಪೋರ್ಚುಗೀಸರ ಬಾಯಲ್ಲಿ ಬೆಂಜೊಯಿಂ, ಫ್ರೆಂಚರ ಬಾಯಲ್ಲಿ ಬೆಂಜ್ವಾಂ, ಇಂಗ್ಲಿಷಲ್ಲಿ ಬೆಂಜೋಯಿನ್, ಹಳ್ಳಿಯ ಇಂಗ್ಲಿಷರಿಗೆ ಅದೂ ನಾಲಗೆಗೆ ಹೊರಳದೆ ಗಮ್ ಬೆಂಜಮಿನ್ ಅಂದ್ರು, ಮನುಷ್ಯರ ಹೆಸರೇ ಇಟ್ಟುಬಿಟ್ರು. ಆ ಮೇಣವನ್ನು ಕಾಯಿಸಿದಾಗ ಸಿಗುವ ಬಿಳಿ ಹರಳಿಗೆ ಬೆಂಜೋಯಿಕ್ ಆಸಿಡ್ ಅಂತ ಹೆಸರಾಯ್ತು. 1833ರಲ್ಲಿ ಜರ್ಮನಿಯ ಕೆಮಿಸ್ಟ್ ಐಲ್ಹಾರ್ಡ್ ಮಿಟ್ಷರ್ಲಿಶ್ ಆ ಆಸಿಡನ್ನು ಸುಣ್ಣದ ಜೊತೆ ಕಾಯಿಸಿದ್ರು, ನಾವು ವೀಳ್ಯದೆಲೆಗೆ ಹಚ್ಚುವ ಅದೇ ಸುಣ್ಣ, ಆಗ ಒಂದು ತೆಳು ಎಣ್ಣೆ ಬಟ್ಟಿ ಇಳಿದು ಬಂತು, ಅದಕ್ಕೆ ಬೆಂಜಿನ್ ಅಂದ್ರು. ಅಲ್ಲಿಯದ್ದೇ ಇನ್ನೊಬ್ಬ ಕೆಮಿಸ್ಟ್ ಲೀಬಿಗ್‌ಗೆ ಆ ಹೆಸರು ಸರಿ ಕಾಣಲಿಲ್ಲ, "ಇನ್" ಅಂತ ಕೊನೆಯಾದ್ರೆ ಕ್ವಿನಿನ್, ಸ್ಟ್ರಿಕ್ನಿನ್ ಇಂಥ ಆಲ್ಕಲಾಯ್ಡುಗಳ, ಅಂದ್ರೆ ಗಿಡಗಳಲ್ಲಿ ಸಿಗುವ, ಮೈ ಮೇಲೆ ಪರಿಣಾಮ ಮಾಡುವ ವಸ್ತುಗಳ ಸಾಲಿಗೆ ಸೇರಿದ ಹಾಗೆ ಆಗ್ತದೆ, ಇದು ಎಣ್ಣೆ ಅಲ್ವಾ, ಎಣ್ಣೆಯನ್ನು ಸೂಚಿಸುವ "ಓಲ್" ಸೇರಿಸಿ ಬೆಂಜೋಲ್ ಅನ್ನುವ ಅಂದ. ಜರ್ಮನ್ನರು ಹಾಗೇ ಉಳಿಸಿಕೊಂಡ್ರು, ಇಂಗ್ಲಿಷಲ್ಲಿ ಮಾತ್ರ ಕೊನೆಗೆ ಬೆಂಜೀನ್ ನಿಂತಿತು.

ವಸ್ತು ಮಾತ್ರ ಅದಕ್ಕೂ ಮೊದಲೇ ಸಿಕ್ಕಿತ್ತು. 1825ರಲ್ಲಿ ಮೈಕೆಲ್ ಫ್ಯಾರಡೆ ದೀಪದ ಗ್ಯಾಸಿನ ಸಿಲಿಂಡರಿನ ತಳದಲ್ಲಿ ಉಳಿದ ಎಣ್ಣೆಯಿಂದ ಇದನ್ನು ಬೇರೆ ಮಾಡಿದ್ದ, ಅವನು ಇಟ್ಟ ಹೆಸರು ಬೈಕಾರ್ಬ್ಯುರೆಟ್ ಆಫ್ ಹೈಡ್ರೋಜನ್, ಅದನ್ನು ಈಗ ಯಾರೂ ಹೇಳುದಿಲ್ಲ. ಫ್ರಾನ್ಸಿನ ಕೆಮಿಸ್ಟ್ ಲೊರಾಂಗೆ ಆ ದೀಪದ ಸಂಬಂಧವೇ ಇಷ್ಟ ಆಯ್ತು, ಬೆಳಗು ಅನ್ನುವ ಅರ್ಥದ ಗ್ರೀಕ್ ಶಬ್ದದಿಂದ ಫೀನ್ ಅಂತ ಹೆಸರಿಡುವ ಅಂದ, ಅದು ನಿಲ್ಲಲಿಲ್ಲ, ಆದ್ರೆ ಫೀನಾಲ್ ಫಿನೈಲ್ ಅಂತ ಅದರ ಮಕ್ಕಳು ಉಳಿದ್ರು. ನಿಮ್ಮ ಮನೆ ಬಚ್ಚಲಿನ ಫಿನಾಯಿಲ್ ಬಾಟ್ಲಿ ಮೇಲಿನ ಹೆಸರು ಆ ದೀಪದ್ದು.

ನಮ್ಮಲ್ಲಿ ಅರ್ಧ ಊರಿನ ಜನ ಗಲ್ಫಲ್ಲಿ ಉಂಟಲ್ಲ, ಅವರಿಗೆ ಇದು ಖಂಡಿತ ಗೊತ್ತಿರ್ತದೆ, ಅರಬ್ಬಿಯಲ್ಲಿ ಪೆಟ್ರೋಲಿಗೆ ಬನ್‌ಜೀನ್ ಅಂತಾರೆ. ಅರಬ್ಬರೇ ಕಳಿಸಿದ ಶಬ್ದ ಅದು, ಮೇಣದ ಹೆಸರಾಗಿ ಹೋದದ್ದು ಯುರೋಪೆಲ್ಲ ಸುತ್ತಿ ಪೆಟ್ರೋಲಿನ ಹೆಸರಾಗಿ ಅವರ ಹತ್ರವೇ ವಾಪಸ್ ಬಂತು. ಸೌದಿಯಲ್ಲಿ ಹದಿನೈದು ವರ್ಷ ಗಾಡಿ ಬಿಟ್ಟ ನಮ್ಮ ನೆರೆಮನೆಯ ಅಣ್ಣನಿಗೆ ಇದನ್ನು ಹೇಳಿದಾಗ ಅವರು ಸುಮಾರು ಹೊತ್ತು ಮಾತಾಡಲಿಲ್ಲ, ಆಮೇಲೆ "ದಿನಾ ಹೇಳ್ತಿದ್ದ ಶಬ್ದ ಮಾರಾಯ್ರೆ" ಅಂದ್ರು.

ಒಮ್ಮೆ ಫಸ್ಟ್ ಪಿಯು ಹುಡುಗ ಒಬ್ಬ ಬೆಂಝ್ ಕಾರಿಗೂ ಬೆಂಜೀನಿಗೂ ಸಂಬಂಧ ಉಂಟಾ ಮಿಸ್ ಅಂತ ಕೇಳಿದ್ದ, ಆಗ ನಾನು ಇಲ್ಲ ಅಂತ ಮಾತ್ರ ಹೇಳಿ ಪಾಠ ಮುಂದುವರಿಸಿದ್ದೆ, ಕಾರಣ ಹೇಳಿರಲಿಲ್ಲ. ಈಗ ಹೇಳ್ತೇನೆ ಮಗಾ, ನೀನು ಎಲ್ಲಿದ್ರೂ ಓದು: ಕಾರ್ಲ್ ಬೆಂಝ್ ಹುಟ್ಟಿದ್ದು 1844ರಲ್ಲಿ, ಬೆಂಜಿನ್ ಅನ್ನುವ ಹೆಸರು ಅದಕ್ಕಿಂತ ಹನ್ನೊಂದು ವರ್ಷ ಮೊದಲಿನದ್ದು, ಆ ಮನುಷ್ಯನದ್ದು ಬರೀ ಮನೆತನದ ಹೆಸರು.

ಸರಿ, ಲೋಬಾನ ಅಸಲಿಯಾ ಅಂತ ಮನೆಗೆ ಬಂದು ಪರೀಕ್ಷೆ ಮಾಡಿದೆ, ನೀವೂ ಮಾಡಬಹುದು. ಸಣ್ಣ ಹಳೇ ಸ್ಟೀಲ್ ಪಾತ್ರೆಗೆ ಎರಡು ಚೂರು ಲೋಬಾನ ಹುಡಿ ಮಾಡಿ ಹಾಕಿ, ಮೇಲೆ ಅಗಲ ತಟ್ಟೆ ಮುಚ್ಚಿ, ತಟ್ಟೆಯಲ್ಲಿ ತಣ್ಣೀರು ನಿಲ್ಲಿಸಿ, ಕಿಟಕಿ ತೆರೆದಿಟ್ಟು ತುಂಬ ಸಣ್ಣ ಉರಿಯಲ್ಲಿ ಇಡಿ. ಕರಟಬಾರದು. ಹತ್ತು ನಿಮಿಷ ಆದ ಮೇಲೆ ಉರಿ ಆರಿಸಿ, ಪೂರ್ತಿ ತಣಿದ ಮೇಲೆ ತಟ್ಟೆ ನಿಧಾನ ಎತ್ತಿ ಅಡಿಭಾಗ ನೋಡಿ. ನನ್ನ ತಟ್ಟೆಯ ಅಡಿಯಲ್ಲಿ ಸೂಜಿ ಸೂಜಿಯ ಹಾಗೆ ಬಿಳಿ ಹರಳು ಹಿಡಿದಿತ್ತು, ಬೆಳಕಿಗೆ ಹಿಡಿದ್ರೆ ಮಿನುಗ್ತದೆ. ಇದೇ ಬೆಂಜೋಯಿಕ್ ಆಸಿಡ್, 122 ಡಿಗ್ರಿಗೆ ಕರಗುವಂಥದ್ದು, ಆದ್ರೆ ಅದಕ್ಕೂ ಮೊದಲೇ ಆವಿಯಾಗಿ ಮೇಲೆ ಏಳ್ಲಿಕ್ಕೆ ಶುರು ಮಾಡ್ತದೆ. ಯುನಾನಿ ಹಕೀಮರು ಇದನ್ನೇ ಜೌಹರ್ ಎ ಲೋಬಾನ್ ಅಂತಾರೆ. ಆನ್‌ಲೈನ್ ಪ್ಯಾಕೆಟಿನದ್ದನ್ನೂ ಹೀಗೇ ಇಟ್ಟು ನೋಡಿದೆ, ಅಂಟು ಅಂಟು ಕಂದು ಕಲೆ ಬಿಟ್ರೆ ಒಂದು ಸೂಜಿಯೂ ಇಲ್ಲ. ಇದೇ ಆಸಿಡಿನ ಸೋಡಿಯಂ ಉಪ್ಪು ನೀವು ಪೇಟೆಯಿಂದ ತರುವ ಉಪ್ಪಿನಕಾಯಿ, ಶರಬತ್ತಿನ ಬಾಟ್ಲಿಯಲ್ಲಿ ಉಂಟು, ಸಣ್ಣ ಅಕ್ಷರದಲ್ಲಿ 211 ಅಂತ ನಂಬರ್ ಹಾಕಿರ್ತಾರೆ ನೋಡಿ, ಈಗ ಅದನ್ನು ಫ್ಯಾಕ್ಟರಿಯಲ್ಲಿ ಮಾಡ್ತಾರೆ, ಲೋಬಾನದಿಂದ ಅಲ್ಲ, ಹೆಸರು ಮಾತ್ರ ಆ ಮರದ್ದೇ.

ಒಂದು ಮಾತು, ಗೆರಟೆ ಕೆಂಡಕ್ಕೆ ಹಾಕಿದ್ರೆ ಲೋಬಾನದ ಹೊಗೆ ಗಂಟಲಿಗೆ ಹಿಡೀತದೆ, ಆ ಆಸಿಡಿನ ಆವಿಯದ್ದೇ ಕೆಲಸ. ಮಗುವನ್ನು ಹೊಗೆ ಮೇಲೆ ಹಿಡೀಬೇಡಿ, ಯಾರು ಎಂತ ಹೇಳಿದ್ರೂ. ನಾವು ಬಾಣಂತಿಯ ಕೂದಲಿಗೆ ಮತ್ತೆ ಮಗುವಿನ ಬಟ್ಟೆಗೆ ಬೇರೆ ಕೋಣೆಯಲ್ಲಿ ಹಿಡಿದೆವು, ಪರಿಮಳ ಎರಡು ದಿನ ಇತ್ತು, ತಂಗಿಯ ಅತ್ತೆಗೂ ಸಮಾಧಾನ ಆಯ್ತು.

ಎರಡನೇ ಸಲ ಹೋದದ್ದು ಪಚ್ಚ ಕರ್ಪೂರಕ್ಕೆ. ಮಾಮ್ ಕೇಳುವ ಮೊದಲ ಪ್ರಶ್ನೆ, "ತಿನ್ಲಿಕ್ಕೋ, ಹಚ್ಲಿಕ್ಕೋ?" ಈ ಪ್ರಶ್ನೆ ಕೇಳದ ಅಂಗಡಿಯಿಂದ ತರಬೇಡಿ. ಆರತಿಗೆ ಹಚ್ಚುವ ಬಿಲ್ಲೆ ಕರ್ಪೂರ ಹೆಚ್ಚಾಗಿ ಪೈನ್ ಮರದ ಟರ್ಪೆಂಟೈನಿಂದ ಮಾಡಿದ್ದು, ಅದು ಹೊಟ್ಟೆಗೆ ಹೋದ್ರೆ ವಿಷ, ಮಕ್ಕಳಿಗಂತೂ ಬಹಳ ಅಪಾಯ. ತೀರ್ಥಕ್ಕೆ, ಲಡ್ಡಿಗೆ ಹಾಕುವ ಪಚ್ಚ ಕರ್ಪೂರದ ಹಳೇ ಅಸಲಿ ಜಾತಿ ಬೇರೆಯೇ ಮರದ್ದು, ಸುಮಾತ್ರಾ ಬೋರ್ನಿಯೋ ಕಡೆಯ ಕಾಡಿನದ್ದು, ಅದರೊಳಗಿನ ವಸ್ತುವಿಗೆ ಬೋರ್ನಿಯೋಲ್ ಅಂತಲೇ ಹೆಸರು, ದ್ವೀಪದ ಹೆಸರೇ ಹೆಸರು. ಮಲಯದವರು ಕಾಪುರ್ ಬಾರೂಸ್ ಅಂತಾರೆ, ಬಾರೂಸ್ ಸುಮಾತ್ರಾದ ಒಂದು ಹಳೇ ಬಂದರು. ನಮ್ಮ ಕರ್ಪೂರವೇ ಅರಬ್ಬಿಯಲ್ಲಿ ಕಾಫೂರ್, ಲ್ಯಾಟಿನಲ್ಲಿ ಕ್ಯಾಂಫೊರಾ, ಇಂಗ್ಲಿಷಲ್ಲಿ ಕ್ಯಾಂಫರ್. ಮಾಮ್ ಕೊಟ್ಟ ಹತ್ತು ಗ್ರಾಂ ಒಳ್ಳೇದಿತ್ತು, ಆದ್ರೆ ಇವತ್ತು ಬರುದು ಮರದ್ದಲ್ಲ, ಫ್ಯಾಕ್ಟರಿಯದ್ದು, ಚಿಟಿಕೆಗಿಂತ ಜಾಸ್ತಿ ಹಾಕಬೇಡಿ ಅಂತ ಅವರೇ ಹೇಳಿದ್ರು. ಹಾಗೆ ಹೇಳುವ ಅಂಗಡಿಯವರು ಈಗ ಎಷ್ಟು ಜನ ಉಂಟು?

ನಾನು ಅಲ್ಲಿ ನಿಂತಿದ್ದಾಗಲೇ ಕಲಾಯಿ ಹಾಕುವವರು ಒಬ್ರು ನವಸಾಗರಕ್ಕೆ ಬಂದ್ರು. ಹಿತ್ತಾಳೆ ಪಾತ್ರೆ ಕಾಯಿಸಿ ಅದರ ಹುಡಿ ಉಜ್ಜಿದ್ರೆ ಕೊಳೆ ಬಿಟ್ಟು ತವರ ಹಿಡೀತದೆ, ಆಗ ಬರುವ ಬಿಳಿ ಹೊಗೆ ನಮ್ಮ ವಯಸ್ಸಿನವರಿಗೆಲ್ಲ ನೆನಪುಂಟು, ಅಂಗಳದಲ್ಲಿ ಕೂತು ನೋಡ್ತಿದ್ದೆವು. ಅದು ಅಮೋನಿಯಂ ಕ್ಲೋರೈಡ್. ಲ್ಯಾಟಿನಿಂದ ಬಂದ ಹೆಸರು ಸಾಲ್ ಅಮೋನಿಯಾಕ್, ಅಂದ್ರೆ ಅಮ್ಮೋನ್ ದೇವರ ಉಪ್ಪು. ಈಜಿಪ್ಟಿನ ಆ ದೇವರ ಗುಡಿ ಮರುಭೂಮಿಯ ಸೀವಾ ಓಯಸಿಸಲ್ಲಿತ್ತು, ಆ ಕಡೆಯಿಂದ ಬಂದ ಉಪ್ಪು ಅಂತ ಹೆಸರು, 1782ರಲ್ಲಿ ಸ್ವೀಡನ್ನಿನ ಕೆಮಿಸ್ಟ್ ಬೆರ್ಗ್‌ಮನ್ ಅದರಿಂದ ಹೊರಡುವ ಗ್ಯಾಸಿಗೆ ಅಮೋನಿಯಾ ಅಂತ ಇಟ್ಟ. ಆ ದೇವರಿಗೆ ಟಗರಿನ ಸುರುಳಿ ಕೊಂಬು, ಹಾಗಾಗಿ ಸುರುಳಿ ಚಿಪ್ಪಿನ ಕಲ್ಲಾದ ಪ್ರಾಣಿಗೆ ಅಮ್ಮೊನೈಟ್ ಅಂದ್ರು, ನಮ್ಮ ದೇವರ ಕೋಣೆಯಲ್ಲಿರುವ ಗಂಡಕಿಯ ಸಾಲಿಗ್ರಾಮ ಅದೇ ಅಮ್ಮೊನೈಟ್. ಕಲಾಯಿ ಹಾಕಿದ ಪಂಚಪಾತ್ರೆಯಲ್ಲಿ ನೀರು ತಂದು ಸಾಲಿಗ್ರಾಮಕ್ಕೆ ಎರೆಯುವಾಗ ಕಲಾಯಿಯ ನವಸಾಗರ, ಈ ಸಾಲಿಗ್ರಾಮ, ಎರಡರ ಇಂಗ್ಲಿಷ್ ಹೆಸರೂ ಒಂದೇ ದೇವರಿಂದ ಬಂದದ್ದು ಅಂತ ನನಗೆ ಈಗ ಪ್ರತಿ ಸಲ ನೆನಪಾಗ್ತದೆ.

ಕಾಚಿನ ಬಗ್ಗೆ ಹೇಳದೆ ಹೋದ್ರೆ ಮಾಮ್‌ಗೆ ಬೇಜಾರಾದೀತು, ಅವರ ಹತ್ರ ಅದು ಮೂರು ನಮೂನೆ ಉಂಟು. ಖೈರದ ಮರದ ತಿರುಳು ಬೇಯಿಸಿ ಗಟ್ಟಿ ಮಾಡಿದ್ದು, ವೀಳ್ಯದ ಕೆಂಪು ಬರುದು ಅದರಿಂದ. ಅದರ ಲ್ಯಾಟಿನ್ ರೂಪ ಕ್ಯಾಟೆಚು, ಅದರಿಂದ ಕ್ಯಾಟೆಚಿನ್, ಕ್ಯಾಟೆಕೋಲ್, ಈಗ ಗ್ರೀನ್ ಟೀ ಪ್ಯಾಕೆಟ್ ಮೇಲೆ ಹೊಗಳಿ ಬರೀತಾರಲ್ಲ ಆ ಕ್ಯಾಟೆಚಿನ್. ಹೆದರಿದಾಗ ನಮ್ಮ ಎದೆ ಹೊಡೆದುಕೊಳ್ಳುವ ಹಾಗೆ ಮಾಡುವ ಅಡ್ರಿನಲಿನ್ ಕೂಡ ಕ್ಯಾಟೆಕೋಲಮೈನ್ ಜಾತಿ. ಮಲಯದವರು ಕಾಚು ಅಂತಾರೆ, ನಾವೂ ಕಾಚು ಅಂತೇವೆ, ಇಷ್ಟೆಲ್ಲ ದೊಡ್ಡ ಹೆಸರುಗಳ ಹಿಂದೆ ಇರುದು ಆ ಎರಡಕ್ಷರ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಮಾತ್ರ ಅಡಿಕೆ. ಪೋರ್ಚುಗೀಸರು ಈ ಕರಾವಳಿಗೆ ಬಂದು ಕೇಳಿಸಿಕೊಂಡದ್ದು ಮಲಯಾಳದ ಅಡಕ್ಕ, ನಮ್ಮ ಅಡಿಕೆಯ ಒಡಹುಟ್ಟು, ಅವರ ಬಾಯಲ್ಲಿ ಡಕಾರ ರಕಾರ ಆಗಿ ಅರೆಕ ಆಯ್ತು. 1753ರಲ್ಲಿ ಗಿಡಮರಗಳಿಗೆ ಲ್ಯಾಟಿನ್ ಹೆಸರಿಡ್ತಿದ್ದ ವಿಜ್ಞಾನಿ ಲಿನ್ನೇಯಸ್ ಅಡಿಕೆ ಮರಕ್ಕೆ ಅರೆಕ ಕ್ಯಾಟೆಚು ಅಂತ ಹೆಸರಿಟ್ಟ, ಕಾಚು ಬರುದು ಬೇರೆ ಮರದಿಂದ, ಆದ್ರೂ ಹೆಸರಲ್ಲಿ ಎರಡೂ ಒಟ್ಟಿಗೆ ಕೂತುಬಿಟ್ಟವು, ಬೀಡದಲ್ಲಿ ಕೂತ ಹಾಗೆಯೇ. ಆಮೇಲೆ ಅಡಿಕೆಯಲ್ಲಿ ಸಿಕ್ಕಿದ ಆಲ್ಕಲಾಯ್ಡಿಗೆ ಅರೆಕೋಲಿನ್ ಅಂದ್ರು. ಅಡಿಕೆ ಜಗಿದು ಬೆವರು ಬಂದು ತಲೆ ತಿರುಗುದು ಆ ಅರೆಕೋಲಿನಿಂದ. ಅದರ ಪಕ್ಕದ ಇನ್ನೊಂದು ಆಲ್ಕಲಾಯ್ಡಿನ ಹೆಸರು ಗುವಾಸಿನ್, ಸಂಸ್ಕೃತದಲ್ಲಿ ಅಡಿಕೆಗೆ ಗುವಾಕ ಅಂತಾರೆ, ಅದರಿಂದ. ಪುತ್ತೂರು ಸುಳ್ಯದ ತೋಟದ ಮಕ್ಕಳು ಕೆಮಿಸ್ಟ್ರಿ ಅಂದ್ರೆ ಬೇರೆ ದೇಶದ ಶಬ್ದ ಅಂತ ಹೆದರುದನ್ನು ನಾನು ಅಷ್ಟು ವರ್ಷ ನೋಡಿದ್ದೇನೆ, ಅವರಿಗೆ ಇದೊಂದನ್ನು ಮೊದಲ ದಿನವೇ ಹೇಳಬೇಕಿತ್ತು ಅಂತ ಈಗ ಅನಿಸ್ತದೆ.

ಅರ್ಧ ಸ್ಟಾರ್ ಯಾಕೆ ಕಡಿಮೆ ಅಂದ್ರೆ, ಒಂದು, ಕಟ್ಟಿ ಕೊಡುದು ಪೇಪರಲ್ಲಿ ಮಾತ್ರ. ಎರಡನೇ ಸಲ ಏಲಕ್ಕಿ ಮತ್ತೆ ಕರ್ಪೂರ ಒಂದೇ ಚೀಲದಲ್ಲಿ ತಂದು ಏಲಕ್ಕಿಯೆಲ್ಲ ಕರ್ಪೂರದ ವಾಸನೆ ಹೊಡೆದು ಪಾಯಸಕ್ಕೆ ಹಾಕ್ಲಿಕ್ಕೆ ಆಗಲಿಲ್ಲ, ಹಾಗಾಗಿ ಮುಚ್ಚಳ ಇರುವ ಸಣ್ಣ ಡಬ್ಬಿ ನೀವೇ ತಕ್ಕೊಂಡು ಹೋಗಿ. ಎರಡು, ಪೊಟ್ಟಣದ ಮೇಲೆ ಹೆಸರು ಬರೆಯುದಿಲ್ಲ, ಮನೆಗೆ ಬಂದು ನವಸಾಗರ ಯಾವುದು ಪಟಿಕ ಯಾವುದು ಅಂತ ಗಲಿಬಿಲಿ ಆದ್ರೆ ಅಪಾಯ, ಇದನ್ನು ಅವರಿಗೆ ಹೇಳಿದ್ದೇನೆ, ಮಗ ಪೆನ್ನು ತಂದಿಟ್ಟಿದ್ದಾನೆ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕ್ತಾರೆ, ನಾಲ್ಕು ಗಂಟೆಗೆ ಮೊದಲು ತೆಗೆಯುದಿಲ್ಲ, ಆದಿತ್ಯವಾರ ಇಲ್ಲ. ಗಾಡಿ ನಿಲ್ಲಿಸ್ಲಿಕ್ಕೆ ಜಾಗ ಇಲ್ಲವೇ ಇಲ್ಲ, ಲಾರಿ ಬಂದ್ರೆ ನಡೀಲಿಕ್ಕೂ ಕಷ್ಟ. ರೇಟು ಸೂಪರ್ ಮಾರ್ಕೆಟಿಗಿಂತ ಸ್ವಲ್ಪ ಜಾಸ್ತಿಯೇ, ಚೌಕಾಸಿ ಮಾಡಬೇಡಿ, ಮಾಲು ಆ ರೇಟಿನದ್ದೇ. ಫೋನಲ್ಲಿ ದುಡ್ಡು ಹಾಕಬಹುದು, ಒಳಗೆ ನೆಟ್‌ವರ್ಕ್ ಸಿಗುದಿಲ್ಲ, ಮೆಟ್ಟಿಲಿಗೆ ಬರಬೇಕು.

ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಹೋದ್ರೆ ರಶ್ ಕಡಿಮೆ, ಮಾಮ್ ಡಬ್ಬಿ ತೆಗೆದು ತೋರಿಸ್ಲಿಕ್ಕೆ ಪುರುಸೊತ್ತಲ್ಲಿರ್ತಾರೆ. ಲೋಬಾನ ಕೇಳುವಾಗ ಜಾವಿ ಅಂತ ಸೇರಿಸಿ ಕೇಳಿ, ಹಿಂದಿನ ಸಾಲಿನ ಡಬ್ಬಿ ತೆಗೀತಾರೆ.